ಉಸಿರಿನ ಒಳಗುಟ್ಟನ್ನು ಅರಸಿದ ಕಮಲಾ ಸೊಹೋನಿ

ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆಯನ್ನು ಬೆನ್ನಿಗೇರಿಸಿಕೊಂಡು ನಡೆಯುವ ಹಮಾಲ, ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಏರುವ ಯಾತ್ರಿಕ, ರಾಮದುರ್ಗದಲ್ಲಿ ಮಗ್ಗದ ಮುಂದೆ ಕುಳಿತ ನೇಕಾರ, ಕಿತ್ತೂರಿನ ಕೋಟೆಯ ಬಯಲಿನಲ್ಲಿ ಓಡುವ ಬಾಲಕ, ಇವರೆಲ್ಲರೂ ಒಂದು ಕೆಲಸವನ್ನು ಸಮಾನವಾಗಿ ಮಾಡುತ್ತಿರುತ್ತಾರೆ. ಅವರು ಉಸಿರಾಡುತ್ತಿರುತ್ತಾರೆ. ದುಡಿಮೆ ಹೆಚ್ಚಿದಂತೆ ಉಸಿರಿನ ವೇಗ ಹೆಚ್ಚುತ್ತದೆ; ದಣಿವಾರಿಸಿಕೊಳ್ಳಲು ಕುಳಿತರೆ ಅದು ತಾನಾಗಿಯೇ ಇಳಿಯುತ್ತದೆ. ಮೂಗಿನಿಂದ ಒಳಹೊಕ್ಕ ಗಾಳಿ ಪುಪ್ಪುಸವನ್ನು ಸೇರುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ? ಉಂಡ ರೊಟ್ಟಿಗೂ ಉಸಿರಾಡಿದ ಗಾಳಿಗೂ ಏನು ಸಂಬಂಧ? ತೋಳಿನ ಬಲ ಎಲ್ಲಿ ಹುಟ್ಟುತ್ತದೆ? ಇಂತಹ ಪ್ರಶ್ನೆಗಳನ್ನು ಬೆನ್ನಟ್ಟಿ, ಜೀವಕೋಶದ ಒಳಗಿನ ಉಸಿರಾಟದ ರಹಸ್ಯಕ್ಕೆ ಕೈಹಾಕಿದ ಭಾರತೀಯ ವಿಜ್ಞಾನಿಗಳಲ್ಲಿ ಶ್ರೀಮತಿ ಕಮಲಾ ಸೊಹೋನಿ ಪ್ರಮುಖರು. ಅವರ ವಿಜ್ಞಾನಜೀವನ ಆರಂಭವಾದುದು ನಮ್ಮ ಬೆಂಗಳೂರಿನಲ್ಲಿ. ಆ ಆರಂಭ ಸುಲಭವಾಗಿರಲಿಲ್ಲ.

ಕಮಲಾ 1911ರಲ್ಲಿ ಇಂದೋರಿನಲ್ಲಿ ಜನಿಸಿದರು. ಅವರದು ಭಾಗವತ ಎಂಬ ಮರಾಠಿ ಮನೆತನ. ತಂದೆ ನಾರಾಯಣರಾವ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನವನ್ನು ವ್ಯಾಸಂಗ ಮಾಡಿದವರು; ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮೊದಮೊದಲ ವಿದ್ಯಾರ್ಥಿಗಳ ಪೈಕಿ ಸೇರಿದವರು. ಜಮ್‌ಶೇಟ್‌ಜಿ ಟಾಟಾ ಅವರ ಕನಸಿನಂತೆ, ಮೈಸೂರು ಅರಸರು ನೀಡಿದ ಭೂಮಿಯಲ್ಲಿ, 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯನ್ನು ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಹಿರಿಯರು ಅದರ ಮಾತನ್ನು ಆಡುವಾಗಲೆಲ್ಲ ಬಾಲಕಿ ಕಮಲಾ ಕಿವಿಗೊಟ್ಟು ಕೇಳುತ್ತಿದ್ದಿರಬೇಕು. ತಾನೂ ಅಲ್ಲಿಯೇ ಓದಬೇಕೆಂಬ ಹಂಬಲ ಅವರಲ್ಲಿ ಬೇರೂರಿತು. ಮರಾಠಿಯ ಪ್ರಸಿದ್ಧ ಲೇಖಕಿಯೂ ಜಾನಪದ ವಿದ್ವಾಂಸರೂ ಆದ ದುರ್ಗಾ ಭಾಗವತ ಇವರ ಅಕ್ಕ. ಒಬ್ಬಳು ಸಾಹಿತ್ಯದಲ್ಲಿ, ಇನ್ನೊಬ್ಬಳು ವಿಜ್ಞಾನದಲ್ಲಿ ಹೆಸರು ಗಳಿಸಿದ ಈ ಸೋದರಿಯರ ಮನೆಯಲ್ಲಿ ಹೆಣ್ಣುಮಕ್ಕಳ ವಿದ್ಯೆಗೆ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದುದು ಮನೆಯ ಹೊರಗೆ.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ರಸಾಯನ ವಿಜ್ಞಾನ ಮತ್ತು ಭೌತವಿಜ್ಞಾನಗಳನ್ನು ತೆಗೆದುಕೊಂಡು ಅಗ್ರಸ್ಥಾನ ಪಡೆದರು. ಆ ಕಾಲದಲ್ಲಿ ಕರ್ನಾಟಕವು ಹಲವು ಆಡಳಿತಗಳಲ್ಲಿ ಹರಿದುಹಂಚಿಹೋಗಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು; ರಾಮದುರ್ಗವು ಒಂದು ಸಣ್ಣ ದೇಶೀ ಸಂಸ್ಥಾನವಾಗಿತ್ತು. ಈ ಭಾಗದ ಹುಡುಗರು ಪದವಿಯನ್ನು ಬಯಸಿದರೆ ಅವರಿಗೂ ಮುಂಬಯಿ ವಿಶ್ವವಿದ್ಯಾನಿಲಯವೇ ಗತಿ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ದೇಸಾಯಿ ಲಿಂಗರಾಜರು ತಮ್ಮ ಸಮಸ್ತ ಆಸ್ತಿಯನ್ನು ವಿದ್ಯಾದಾನಕ್ಕೆ ಮೀಸಲಿಟ್ಟು 1906ರಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಕಾಲೇಜು ಬೆಳಗಾವಿಯಲ್ಲಿ ಆರಂಭವಾದುದು ಇದೇ 1933ರಲ್ಲಿ. ವಿದ್ಯೆಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದ ಕಾಲವದು. ಆದರೆ ಆ ಬಾಗಿಲುಗಳ ಮುಂದೆ ಹೆಣ್ಣುಮಕ್ಕಳ ಸಂಖ್ಯೆ ತೀರ ವಿರಳವಾಗಿತ್ತು. ಉನ್ನತ ಸಂಶೋಧನೆಯ ಕ್ಷೇತ್ರದಲ್ಲಂತೂ ಸ್ತ್ರೀಯರು ಕಾಣುತ್ತಲೇ ಇರಲಿಲ್ಲ.

ಕಮಲಾ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅರ್ಜಿ ಕಳುಹಿಸಿದರು. ಆಗ ಅದರ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ಭಾರತದ ಕೀರ್ತಿಯನ್ನು ಜಗತ್ತಿನಲ್ಲೆಲ್ಲ ಹರಡಿದ್ದ ಮಹಾವಿಜ್ಞಾನಿ ಅವರು. ಆ ಹುದ್ದೆಗೆ ಬಂದ ಮೊದಲ ಭಾರತೀಯರು. ಅರ್ಜಿಯನ್ನು ಅವರು ತಿರಸ್ಕರಿಸಿದರು. ಅಂಕಗಳು ಸಾಲವೆಂದಲ್ಲ, ಅರ್ಜಿದಾರಳು ಹೆಣ್ಣು ಎಂಬುದೇ ಅದಕ್ಕೆ ಕಾರಣ. ಬಂಧುಗಳು ಹೇಳಿ ನೋಡಿದರೂ ಫಲವಾಗಲಿಲ್ಲ. ಪರೀಕ್ಷೆಯಲ್ಲಿ ಎಲ್ಲ ಹುಡುಗರನ್ನೂ ಹಿಂದೆ ಹಾಕಿದ ತರುಣಿಗೆ ಈ ಉತ್ತರವನ್ನು ಒಪ್ಪಿಕೊಳ್ಳಲು ಸಾಧ್ಯವಾಗಲಿಲ್ಲ. ಅವರು ಬೆಂಗಳೂರಿಗೆ ಬಂದು ನಿರ್ದೇಶಕರನ್ನು ಎದುರುಗೊಂಡರು. ತಮಗೆ ಪ್ರವೇಶವನ್ನು ಏಕೆ ನಿರಾಕರಿಸಲಾಗಿದೆಯೆಂದು ಕೇಳಿದರು. ಸ್ಥಳ ದೊರೆಯದೆ ಹಿಂದಿರುಗುವುದಿಲ್ಲವೆಂದು ಹಟ ಹಿಡಿದರು. ಗಾಂಧೀಜಿಯವರ ಸತ್ಯಾಗ್ರಹದ ಗಾಳಿ ದೇಶದಲ್ಲೆಲ್ಲ ಬೀಸುತ್ತಿದ್ದ ದಿನಗಳವು. ಕಮಲಾ ಅದೇ ಮಾರ್ಗವನ್ನು ವಿದ್ಯೆಗಾಗಿ ಹಿಡಿದರು.

ಕೊನೆಗೆ ರಾಮನ್ ಅವರು ಒಪ್ಪಿದರು. ಆದರೆ ಷರತ್ತುಗಳನ್ನು ವಿಧಿಸಿದರು. ಮೊದಲ ವರ್ಷ ಅವರನ್ನು ಕ್ರಮವಾದ ವಿದ್ಯಾರ್ಥಿನಿಯೆಂದು ಪರಿಗಣಿಸತಕ್ಕದ್ದಲ್ಲ. ಮಾರ್ಗದರ್ಶಕರು ಬಯಸಿದಾಗ ರಾತ್ರಿ ಹೊತ್ತಿನಲ್ಲಿಯೂ ಕೆಲಸ ಮಾಡಬೇಕು. ಅವರ ಇರುವಿಕೆಯಿಂದ ಪ್ರಯೋಗಶಾಲೆಯ ಗಂಡಸರ ಗಮನ ಚದರಬಾರದು. ಒಂದು ವರ್ಷದ ಕೆಲಸ ತೃಪ್ತಿಕರವಾದರೆ ಮಾತ್ರ ಮುಂದಿನ ಮಾತು. ಯಾವ ಹುಡುಗನಿಗೂ ಇಲ್ಲದ ಈ ಕಟ್ಟುಪಾಡುಗಳು ಕಮಲಾ ಅವರ ಮನಸ್ಸನ್ನು ಆಳವಾಗಿ ನೋಯಿಸಿದವು. ಆ ಅವಮಾನವನ್ನು ಅವರು ತಮ್ಮ ಇಳಿವಯಸ್ಸಿನಲ್ಲಿಯೂ ಮರೆತಿರಲಿಲ್ಲ. ಆದರೂ ಅವರು ಷರತ್ತುಗಳಿಗೆ ಒಪ್ಪಿದರು. ಒಳಗೆ ಹೋಗಲು ಕಿರಿದಾದ ಕಿಂಡಿಯೊಂದು ದೊರೆತಿದ್ದರೆ, ಬಗ್ಗಿಯಾದರೂ ಒಳಹೊಕ್ಕು ಬಾಗಿಲನ್ನು ಒಳಗಿನಿಂದ ತೆರೆಯುವುದೇ ಜಾಣತನವೆಂದು ಅವರಿಗೆ ತೋರಿರಬೇಕು. ಮಹಾಪುರುಷರಲ್ಲಿಯೂ ಅವರ ಕಾಲದ ಮಿತಿಗಳು ಇರುತ್ತವೆ. ರಾಮನ್ ಅವರ ಪ್ರತಿಭೆಯನ್ನು ಗೌರವಿಸುವಾಗ ಈ ಮಿತಿಯನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಕಮಲಾ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಎಂ. ಶ್ರೀನಿವಾಸಯ್ಯನವರು. ಅವರು ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಆದರೆ ಕಲಿಯುವ ಆಸೆಯುಳ್ಳವರಿಗೆ ತಮ್ಮಲ್ಲಿದ್ದುದನ್ನೆಲ್ಲ ಧಾರೆಯೆರೆಯುವ ಗುರು. ಬೆಳಗಿನ ಜಾವದಿಂದ ರಾತ್ರಿಯವರೆಗೆ ಪ್ರಯೋಗಶಾಲೆಯೇ ಶಿಷ್ಯೆಯ ಮನೆಯಾಯಿತು. ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸಿ ಪರಿಶೀಲಿಸುವ ಕೆಲಸವನ್ನು ಅವರು ಕೈಗೊಂಡರು. ಆ ವಿಷಯದ ಆಯ್ಕೆಯಲ್ಲಿ ಒಂದು ಔಚಿತ್ಯವಿತ್ತು. ಮಾಂಸ, ಮೊಟ್ಟೆಗಳನ್ನು ತಿನ್ನದ, ಅಥವಾ ಕೊಂಡು ತಿನ್ನಲಾರದ ಕೋಟ್ಯಂತರ ಭಾರತೀಯರಿಗೆ ಕಾಳುಗಳೇ ಪ್ರೋಟೀನಿನ ಮುಖ್ಯ ಆಧಾರ.

ಪ್ರೋಟೀನು ದೇಹಕ್ಕೆ ಏಕೆ ಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬಹುದು. ಮನೆಯನ್ನು ಇಟ್ಟಿಗೆಗಳಿಂದ ಕಟ್ಟಿದಂತೆ ದೇಹವನ್ನು ಜೀವಕೋಶಗಳಿಂದ ಕಟ್ಟಲಾಗಿದೆ. ಒಂದೇ ಬಗೆಯ ಕೆಲಸಕ್ಕೆ ಮೀಸಲಾದ ಜೀವಕೋಶಗಳ ಸಮೂಹವೇ ಅಂಗಾಂಶ. ಮೈಯನ್ನು ಹೊದ್ದಿಸುವ ಚರ್ಮದ ಹೊರಪದರ ಒಂದು ಬಗೆಯ ಅಂಗಾಂಶ. ಸಂಕುಚಿಸಿ ಹಿಗ್ಗುವ ಸ್ನಾಯು ಇನ್ನೊಂದು ಬಗೆ. ಸುದ್ದಿಯನ್ನು ಒಯ್ಯುವ ನರ ಮತ್ತೊಂದು. ಇವನ್ನೆಲ್ಲ ಹಿಡಿದಿಡುವ ಮೂಳೆ, ರಕ್ತ ಮೊದಲಾದ ಸಂಯೋಜಕ ಅಂಗಾಂಶ ನಾಲ್ಕನೆಯದು. ಈ ಅಂಗಾಂಶಗಳು ಸವೆಯುತ್ತವೆ, ದುರಸ್ತಿಯಾಗುತ್ತವೆ, ಬೆಳೆಯುವ ವಯಸ್ಸಿನಲ್ಲಿ ಹೆಚ್ಚುತ್ತವೆ. ಅದಕ್ಕೆ ಬೇಕಾದ ಸಾಮಗ್ರಿ ಅಮೈನೊ ಆಮ್ಲಗಳು. ಪ್ರೋಟೀನು ಎಂದರೆ ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ನಾವು ಉಂಡ ಕಾಳಿನ ಪ್ರೋಟೀನು ಹೊಟ್ಟೆ ಮತ್ತು ಕರುಳುಗಳಲ್ಲಿ ಬಿಡಿ ಮಣಿಗಳಾಗಿ ಒಡೆದು ರಕ್ತವನ್ನು ಸೇರುತ್ತದೆ. ದೇಹವು ಆ ಮಣಿಗಳಿಂದ ತನಗೆ ಬೇಕಾದ ಹೊಸ ಸರವನ್ನು ಪೋಣಿಸಿಕೊಳ್ಳುತ್ತದೆ. ಜೋಳ, ಗೋದಿಗಳಲ್ಲಿ ಲೈಸಿನ್ ಎಂಬ ಮಣಿ ಕಡಮೆ. ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಮಿಥಿಯೊನಿನ್ ಎಂಬುದು ಕಡಮೆ. ಆ ಕೊರತೆಯನ್ನು ಧಾನ್ಯವು ತುಂಬುತ್ತದೆ. ಜೋಳದ ರೊಟ್ಟಿಯೊಂದಿಗೆ ಕಾಳುಪಲ್ಯವನ್ನು ಉಣ್ಣುವ ನಮ್ಮ ಹಿರಿಯರ ಪದ್ಧತಿಯಲ್ಲಿ ಅವರಿಗೆ ಹೆಸರು ತಿಳಿಯದಿದ್ದ ವಿಜ್ಞಾನವೊಂದು ಅಡಗಿತ್ತು.

ವರ್ಷ ತುಂಬುವಷ್ಟರಲ್ಲಿ ಕಮಲಾ ಅವರ ಶ್ರದ್ಧೆ ರಾಮನ್ ಅವರ ಮನಸ್ಸನ್ನು ಬದಲಿಸಿತು. ಅವರನ್ನು ಕ್ರಮವಾದ ವಿದ್ಯಾರ್ಥಿನಿಯೆಂದು ಅಂಗೀಕರಿಸಿದ್ದಲ್ಲದೆ, ಮುಂದೆ ವಿಜ್ಞಾನ ಮಂದಿರಕ್ಕೆ ಬರುವ ಇತರ ಹೆಣ್ಣುಮಕ್ಕಳಿಗೂ ಅವರು ಪ್ರವೇಶ ನೀಡಿದರು. ಹವಾಮಾನ ವಿಜ್ಞಾನದಲ್ಲಿ ಮುಂದೆ ಪ್ರಖ್ಯಾತರಾದ ಅನ್ನಾ ಮಣಿ 1940ರಲ್ಲಿ ರಾಮನ್ ಅವರ ಪ್ರಯೋಗಶಾಲೆಗೇ ಬಂದು ಸೇರಿದರು. ಕಮಲಾ 1936ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಪ್ರಶಂಸೆಯೊಂದಿಗೆ ಪಡೆದರು. ಒಬ್ಬಳ ಹಟ ಅನೇಕರ ಹಾದಿಯಾಯಿತು.

ಮುಂದಿನ ಅಧ್ಯಯನಕ್ಕೆ ಅವರು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತೆರಳಿ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿದರು. ಅಲ್ಲಿಯ ಜೀವರಸಾಯನ ವಿಜ್ಞಾನದ ಪ್ರಯೋಗಶಾಲೆಯು ಆಗ ಜಗದ್ವಿಖ್ಯಾತವಾಗಿತ್ತು. ಅದರ ಮುಖ್ಯಸ್ಥರು ಸರ್ ಫ್ರೆಡರಿಕ್ ಹಾಪ್‌ಕಿನ್ಸ್. ಬೆಳವಣಿಗೆಗೆ ವಿಟಮಿನ್ನುಗಳು ಅಗತ್ಯವೆಂದು ತೋರಿಸಿದ್ದಕ್ಕಾಗಿ 1929ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವರು. ಅವರು ಕಮಲಾ ಅವರಿಗೆ ಅವಕಾಶವಿತ್ತರು. ಆದರೆ ಪ್ರಯೋಗಶಾಲೆಯಲ್ಲಿ ಖಾಲಿ ಸ್ಥಳವಿರಲಿಲ್ಲ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜೊಂದನ್ನು ಹಗಲಿನಲ್ಲಿ ಕಮಲಾ ಅವರ ಪ್ರಯೋಗಗಳಿಗೆ ಬಿಟ್ಟುಕೊಟ್ಟರು. ರಾತ್ರಿ ಅದೇ ಮೇಜು ಅವರಿಗೆ ಮಲಗುವ ಮಂಚವಾಗುತ್ತಿತ್ತೆಂದು ಹೇಳುತ್ತಾರೆ. ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾ ರಾಬಿನ್ ಹಿಲ್ ಅವರೊಡನೆ ಕೆಲಸ ಮುಂದುವರಿಸಿದರು. ಹಿಲ್ ಅವರದು ಸಸ್ಯಗಳ ಅಂಗಾಂಶಗಳ ಅಧ್ಯಯನ. ಅಲ್ಲಿ ಕಮಲಾ ಕೈಗೆತ್ತಿಕೊಂಡ ವಸ್ತು ಯಾವುದೋ ಅಪರೂಪದ ಗಿಡವಲ್ಲ. ಎಲ್ಲರ ಅಡುಗೆಮನೆಯಲ್ಲಿಯೂ ಇರುವ ಆಲೂಗಡ್ಡೆ.

ಆಲೂಗಡ್ಡೆಯಲ್ಲಿ ಅವರು ಕಂಡದ್ದೇನು ಎಂಬುದನ್ನು ತಿಳಿಯಲು ಉಸಿರಾಟದ ವಿಷಯಕ್ಕೆ ಮರಳಬೇಕು. ಪುಪ್ಪುಸದಲ್ಲಿ ರಕ್ತವನ್ನು ಸೇರಿದ ಆಮ್ಲಜನಕ ದೇಹದ ಪ್ರತಿಯೊಂದು ಅಂಗಾಂಶಕ್ಕೂ ಹೋಗಿ ಮುಟ್ಟುತ್ತದೆ. ನಿಜವಾದ ಉಸಿರಾಟ ನಡೆಯುವುದು ಅಲ್ಲಿ, ಜೀವಕೋಶದ ಒಳಗಿರುವ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಕೋಣೆಗಳಲ್ಲಿ. ಕಟ್ಟಿಗೆ ಒಲೆಯಲ್ಲಿ ಉರಿಯುವಂತೆ ಆಹಾರವು ಅಲ್ಲಿ ಉರಿಯುತ್ತದೆಂದು ಹೇಳುವುದುಂಟು. ಆದರೆ ಒಲೆಯ ಬೆಂಕಿ ಎಲ್ಲ ಶಕ್ತಿಯನ್ನೂ ಒಮ್ಮೆಗೇ ಹೊರಗೆಡಹುತ್ತದೆ. ದೇಹದಲ್ಲಿ ಹಾಗಾದರೆ ಜೀವಕೋಶವೇ ಬೆಂದುಹೋದೀತು. ಆದ್ದರಿಂದ ಪ್ರಕೃತಿಯು ಮೆಟ್ಟಿಲುಗಳನ್ನು ಕಟ್ಟಿದೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರನ್ನು ಕಾಲುವೆಗಳ ಮೂಲಕ ಅಳತೆಯಾಗಿ ಬಿಡುವಂತೆ, ಆಹಾರದಿಂದ ದೊರೆತ ಎಲೆಕ್ಟ್ರಾನುಗಳನ್ನು ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟಿಸುತ್ತ, ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಪಡೆಯಲಾಗುತ್ತದೆ. ಆ ಶಕ್ತಿಯನ್ನು ಎ.ಟಿ.ಪಿ. ಎಂಬ ವಸ್ತುವಿನ ರೂಪದಲ್ಲಿ ಕೂಡಿಡಲಾಗುತ್ತದೆ. ಹಮಾಲನ ಬೆನ್ನೂ ನೇಕಾರನ ಬೆರಳೂ ಖರ್ಚು ಮಾಡುವುದು ಈ ನಾಣ್ಯವನ್ನೇ. ಮೆಟ್ಟಿಲುಗಳ ಕೊನೆಯಲ್ಲಿ ಎಲೆಕ್ಟ್ರಾನುಗಳನ್ನು ಸ್ವೀಕರಿಸಲು ಆಮ್ಲಜನಕ ಕಾದಿರುತ್ತದೆ. ಅಲ್ಲಿ ಅದು ಜಲಜನಕದೊಡನೆ ಕೂಡಿ ನೀರಾಗುತ್ತದೆ. ನಾವು ಉಸಿರಾಡುವುದು ಈ ಕೊನೆಯ ಮೆಟ್ಟಿಲಿಗಾಗಿ. ಸಯನೈಡ್ ಎಂಬ ಘೋರವಿಷವು ಈ ಮೆಟ್ಟಿಲನ್ನೇ ತಡೆಯುವುದರಿಂದ, ರಕ್ತದಲ್ಲಿ ಆಮ್ಲಜನಕವಿದ್ದರೂ ಅಂಗಾಂಶಗಳು ಅದನ್ನು ಬಳಸಲಾರದೆ ಜೀವಿ ಸಾಯುತ್ತದೆ.

ಈ ಮೆಟ್ಟಿಲುಗಳಲ್ಲಿ ಕೆಲವಕ್ಕೆ ಸೈಟೋಕ್ರೋಮ್ ಎಂದು ಹೆಸರು. ಹಾಗೆಂದರೆ ಜೀವಕೋಶದ ಬಣ್ಣ. ಇವುಗಳಲ್ಲಿ ಕಬ್ಬಿಣದ ಅಂಶವಿರುತ್ತದೆ. ಆ ಕಬ್ಬಿಣವೇ ಎಲೆಕ್ಟ್ರಾನನ್ನು ಹಿಡಿದು ಮುಂದಕ್ಕೆ ಕೊಡುವ ಕೈ. ಪ್ರಾಣಿಗಳ ಸ್ನಾಯುಗಳಲ್ಲಿಯೂ ಯೀಸ್ಟಿನಲ್ಲಿಯೂ ಇವು ಇರುವುದನ್ನು ಕೇಂಬ್ರಿಡ್ಜಿನವರೇ ಆದ ಡೇವಿಡ್ ಕೀಲಿನ್ 1925ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟಿದ್ದರು. ಅಲುಗಾಡದೆ ಮಣ್ಣಿನಲ್ಲಿ ಹುದುಗಿರುವ ಗೆಡ್ಡೆಗೂ ಇಂತಹ ಏರ್ಪಾಡು ಇದೆಯೇ? ಕಮಲಾ ಆಲೂಗಡ್ಡೆಯ ಅಂಗಾಂಶವನ್ನು ಶೋಧಿಸಿ, ಅಲ್ಲಿಯೂ ಸೈಟೋಕ್ರೋಮ್ ಸಿ ಇದೆ, ಸಸ್ಯದ ಜೀವಕೋಶಗಳ ಉಸಿರಾಟದಲ್ಲಿ ಅದಕ್ಕೂ ಪಾತ್ರವಿದೆ ಎಂಬುದನ್ನು ಕಂಡುಕೊಂಡರು. ಈ ಶೋಧದ ಅರ್ಥ ದೊಡ್ಡದು. ಹೊಲದ ಗಿಡವೂ ಅದನ್ನು ಮೇಯುವ ಎತ್ತೂ ಆ ಎತ್ತನ್ನು ಹೂಡುವ ರೈತನೂ ಒಂದೇ ಬಗೆಯಲ್ಲಿ ಒಳಗೆ ಉಸಿರಾಡುತ್ತಾರೆ. ಮುಂದಿನ ವಿಜ್ಞಾನಿಗಳು ಈ ಪ್ರೋಟೀನಿನ ಮಣಿಗಳನ್ನು ಒಂದೊಂದಾಗಿ ಎಣಿಸಿದರು. ಮನುಷ್ಯನ ಸೈಟೋಕ್ರೋಮ್ ಸಿ 104 ಅಮೈನೊ ಆಮ್ಲಗಳ ಸರ. ಚಿಂಪಾಂಜಿಯಲ್ಲಿ ಅದು ಮನುಷ್ಯನಲ್ಲಿರುವಂತೆಯೇ ಇದೆ. ಯೀಸ್ಟಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಣಿಗಳು ಅವೇ. ಜೀವರಾಶಿಯೆಲ್ಲ ಒಂದೇ ಬಳ್ಳಿಯ ಕುಡಿಗಳೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕೇಂಬ್ರಿಡ್ಜಿಗೆ ಬಂದ 14 ತಿಂಗಳುಗಳಲ್ಲಿ ಕಮಲಾ ತಮ್ಮ ಪ್ರಬಂಧವನ್ನು ಮುಗಿಸಿದರು. ಅದು ಕೇವಲ 40 ಪುಟಗಳದು. ಇತರರ ಪ್ರಬಂಧಗಳು ಅದರ ಹಲವು ಪಟ್ಟು ದಪ್ಪವಾಗಿರುತ್ತಿದ್ದವು. ಹೇಳಬೇಕಾದುದು ಸತ್ಯವಾಗಿದ್ದರೆ ಅದಕ್ಕೆ ಪುಟಗಳ ಭಾರ ಬೇಕಾಗುವುದಿಲ್ಲ. 1939ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಈ ಪದವಿಯನ್ನು ಕೇಂಬ್ರಿಡ್ಜಿನಿಂದ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರು ಪ್ರಸಿದ್ಧರಾದರು. ಆ ವಿಶ್ವವಿದ್ಯಾನಿಲಯವಾದರೂ ಸ್ತ್ರೀಯರನ್ನು ತನ್ನ ಪೂರ್ಣ ಸದಸ್ಯರೆಂದು ಒಪ್ಪಿಕೊಂಡದ್ದು 1948ರಲ್ಲಿ ಎಂಬುದನ್ನು ನೆನೆದರೆ, ಬಾಗಿಲುಗಳು ಮುಚ್ಚಿದ್ದುದು ಭಾರತದಲ್ಲಿ ಮಾತ್ರವಲ್ಲವೆಂಬುದು ತಿಳಿಯುತ್ತದೆ.

ಹೊರದೇಶದಲ್ಲಿಯೇ ನೆಲೆಸಿದ್ದರೆ ಕಮಲಾ ಅವರಿಗೆ ಹೆಚ್ಚಿನ ಅನುಕೂಲಗಳು ದೊರೆಯುತ್ತಿದ್ದವು. ಆದರೆ ಅವರು 1939ರಲ್ಲಿಯೇ ಸ್ವದೇಶಕ್ಕೆ ಹಿಂದಿರುಗಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ತರುವಾಯ ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣ ಸಂಶೋಧನಾಲಯದ ಸಹಾಯಕ ನಿರ್ದೇಶಕಿಯಾಗಿ ಕೆಲಸ ಮಾಡಿದರು. 1947ರಲ್ಲಿ ಶ್ರೀ ಎಂ.ವಿ. ಸೊಹೋನಿ ಅವರನ್ನು ವಿವಾಹವಾಗಿ ಮುಂಬಯಿಗೆ ಬಂದು, ಅಲ್ಲಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕಿಯಾದರು. ಬೆಂಗಳೂರಿನಲ್ಲಿ ಆರಂಭಿಸಿದ ಕಾಳುಗಳ ಅಧ್ಯಯನ ಇಲ್ಲಿ ಹೊಸ ಫಲ ಕೊಟ್ಟಿತು.

ಹಸಿಯ ಅವರೆಕಾಳನ್ನು ತಿಂದರೆ ಹೊಟ್ಟೆ ಕೆಡುತ್ತದೆಂದು ಹಳ್ಳಿಯ ತಾಯಂದಿರು ಮಕ್ಕಳಿಗೆ ಎಚ್ಚರಿಸುತ್ತಾರೆ. ಅದಕ್ಕೆ ಕಾರಣವನ್ನು ಅರಿಯಲು ಜೀರ್ಣಕ್ರಿಯೆಯ ಏರ್ಪಾಡನ್ನು ನೋಡಬೇಕು. ಹೊಟ್ಟೆಯಿಂದ ಹುಳಿಯಾದ ಆಹಾರ ಸಣ್ಣ ಕರುಳಿಗೆ ಇಳಿದೊಡನೆ, ಕರುಳಿನ ಗೋಡೆಯು ಸಿಕ್ರಿಟಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದು ರಕ್ತದೊಡನೆ ಸಾಗಿ ಮೇದೋಜೀರಕ ಗ್ರಂಥಿಯನ್ನು ತಲಪಿ, ಹುಳಿಯನ್ನು ಅಳಿಸುವ ರಸವನ್ನು ಸುರಿಸುವಂತೆ ಮಾಡುತ್ತದೆ. ಕರುಳಿನಿಂದಲೇ ಹೊರಡುವ ಮತ್ತೊಂದು ವಸ್ತು ಜೀರ್ಣಕಾರಿ ಕಿಣ್ವಗಳನ್ನು ಕಳುಹಿಸಲು ಅದೇ ಗ್ರಂಥಿಗೆ ತಿಳಿಸುತ್ತದೆ. ನರಗಳ ಹಂಗಿಲ್ಲದೆ ರಕ್ತದ ಮೂಲಕವೇ ಸುದ್ದಿ ಒಯ್ಯುವ ಇಂತಹ ದೂತವಸ್ತುವನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು 1902ರಲ್ಲಿ ಮೊತ್ತಮೊದಲು ಕಂಡುಹಿಡಿದರು. 1905ರಲ್ಲಿ ಸ್ಟಾರ್ಲಿಂಗ್ ಈ ವರ್ಗಕ್ಕೆ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದರು. ಪ್ರಚೋದಿಸುವುದು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ಅಂಗಾಂಶಗಳ ಉಸಿರಾಟದ ವೇಗವನ್ನೂ ಹಾರ್ಮೋನುಗಳೇ ಹತೋಟಿಯಲ್ಲಿಡುತ್ತವೆ. ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಹೆಚ್ಚಾದರೆ ಜೀವಕೋಶಗಳು ಆಮ್ಲಜನಕವನ್ನು ಹೆಚ್ಚಾಗಿ ವ್ಯಯಿಸಿ ದೇಹ ಸೊರಗುತ್ತದೆ. ಕಡಮೆಯಾದರೆ ಕುಲುಮೆ ಮಂದವಾಗಿ ಜಡತೆ ಆವರಿಸುತ್ತದೆ. ಈ ಹಾರ್ಮೋನಿನ ತಯಾರಿಕೆಗೆ ಅಯೊಡಿನ್ ಬೇಕು. ಉಪ್ಪಿಗೆ ಅದನ್ನು ಬೆರೆಸುವುದು ಈ ಕಾರಣದಿಂದಲೇ.

ಮೇದೋಜೀರಕ ಗ್ರಂಥಿ ಕಳುಹಿಸುವ ಕಿಣ್ವಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಮುಖ್ಯವಾದುದು. ಕಮಲಾ ಮತ್ತು ಅವರ ಶಿಷ್ಯರು 1950ರ ದಶಕದಲ್ಲಿ ಭಾರತದ ಆಹಾರಪದಾರ್ಥಗಳನ್ನು ಪರೀಕ್ಷಿಸಿ, ಅವರೆ ಮೊದಲಾದ ಕಾಳುಗಳಲ್ಲಿ ಟ್ರಿಪ್ಸಿನ್ನಿನ ಕೈಕಟ್ಟುವ ಪ್ರತಿಬಂಧಕಗಳಿರುವುದನ್ನು ತೋರಿಸಿದರು; ಅವುಗಳನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹಸಿಕಾಳಿನಲ್ಲಿ ಪ್ರೋಟೀನು ಎಷ್ಟಿದ್ದರೂ ಅದು ಜೀರ್ಣವಾಗದೆ ವ್ಯರ್ಥವಾಗುತ್ತದೆ. ಇಲಿ, ಕೋಳಿಮರಿಗಳಿಗೆ ಇಂತಹ ಪ್ರತಿಬಂಧಕಗಳುಳ್ಳ ಹಸಿಕಾಳನ್ನೇ ತಿನ್ನಿಸಿದರೆ ಕಿಣ್ವವನ್ನು ಒದಗಿಸಲು ಹೆಣಗಿ ಅವುಗಳ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತದೆ. ಕಾಳನ್ನು ಚೆನ್ನಾಗಿ ಬೇಯಿಸಿದರೆ ಈ ಪ್ರತಿಬಂಧಕಗಳ ಬಹುಭಾಗ ನಾಶವಾಗುತ್ತದೆ. ನೆನೆಸಿ ಮೊಳಕೆ ಬರಿಸಿದಾಗಲೂ ಕಡಮೆಯಾಗುತ್ತದೆ. ಮಡಕಿ, ಹೆಸರು ಕಾಳುಗಳನ್ನು ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಪಲ್ಯ ಮಾಡುವ ಗೃಹಿಣಿಯ ಅನುಭವಕ್ಕೆ ಹೀಗೆ ಪ್ರಯೋಗಶಾಲೆಯ ಸಮರ್ಥನೆ ದೊರೆಯಿತು.

ಆ ಕಾಲದ ರಾಷ್ಟ್ರಪತಿ ಡಾ. ರಾಜೇಂದ್ರಪ್ರಸಾದರ ಸೂಚನೆಯಂತೆ ಅವರು ನೀರಾ ಪಾನೀಯದ ಬಗ್ಗೆಯೂ ಸಂಶೋಧನೆ ನಡೆಸಿದರು. ತಾಳೆಯ ಜಾತಿಯ ಮರಗಳಿಂದ ಇಳಿಸಿದ, ಹುಳಿಯಾಗದ ಸಿಹಿರಸವೇ ನೀರಾ. ಅದರಲ್ಲಿ ವಿಟಮಿನ್ನುಗಳೂ ಕಬ್ಬಿಣವೂ ಇರುವುದನ್ನು ಅವರು ತೋರಿಸಿದರು. ಪೋಷಣೆಯ ಕೊರತೆಯಿಂದ ನರಳುತ್ತಿದ್ದ ಗಿರಿಜನರ ಮಕ್ಕಳಿಗೂ ಬಸುರಿಯರಿಗೂ ಅದನ್ನು ಕೊಟ್ಟು ನೋಡಿದಾಗ ಆರೋಗ್ಯ ಸುಧಾರಿಸಿದ್ದು ಕಂಡುಬಂದಿತು. ಈ ಕಾರ್ಯಕ್ಕಾಗಿ ಅವರಿಗೆ ರಾಷ್ಟ್ರಪತಿಗಳ ಪ್ರಶಸ್ತಿ ಸಂದಿತು. ಬಡವನ ಕೈಗೆ ಎಟುಕುವ ಆಹಾರದಲ್ಲಿಯೇ ಬಡವನ ಆರೋಗ್ಯವನ್ನು ಹುಡುಕುವುದು ಅವರ ಸಂಶೋಧನೆಯ ಗುರಿಯಾಗಿತ್ತು.

ಇಷ್ಟೆಲ್ಲ ಸಾಧನೆಯ ಬಳಿಕವೂ ಹಳೆಯ ಅಡ್ಡಗೋಡೆ ಪೂರ್ತಿಯಾಗಿ ಕುಸಿದಿರಲಿಲ್ಲ. ತಾವು ದುಡಿಯುತ್ತಿದ್ದ ಸಂಸ್ಥೆಯ ನಿರ್ದೇಶಕ ಪದವಿಗೆ ಅವರು ಅರ್ಹರಾಗಿದ್ದರೂ ಅದು ಅವರ ಕೈಸೇರಲು ನಾಲ್ಕು ವರ್ಷಗಳ ಕಾಲ ಕಾಯಬೇಕಾಯಿತು. ಅವರು ಕಹಿಯನ್ನು ನುಂಗಿಕೊಂಡು ಶಿಷ್ಯರನ್ನು ತಿದ್ದುವುದರಲ್ಲಿ ನಿರತರಾದರು. ಕೊನೆಗೆ ಆ ಪದವಿಯನ್ನು ಅಲಂಕರಿಸಿದರು. ನಿವೃತ್ತಿಯ ನಂತರವೂ ಸುಮ್ಮನೆ ಕುಳಿತವರಲ್ಲ. ಅಂಗಡಿಯ ತೂಕ, ಅಳತೆಗಳಲ್ಲಿನ ಮೋಸದಿಂದಲೂ ಆಹಾರದ ಕಲಬೆರಕೆಯಿಂದಲೂ ಜನರನ್ನು ರಕ್ಷಿಸುವ ಉದ್ದೇಶದಿಂದ ಮುಂಬಯಿಯಲ್ಲಿ 1966ರಲ್ಲಿ ಮಹಿಳೆಯರು ಕಟ್ಟಿದ ಭಾರತ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಉತ್ಸಾಹದಿಂದ ದುಡಿದು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಪತ್ರಿಕೆಯಲ್ಲಿ ಗೃಹಿಣಿಯರಿಗೆ ತಿಳಿಯುವಂತೆ ಲೇಖನಗಳನ್ನು ಬರೆದರು. ಎಳೆಯರಿಗಾಗಿ ಮರಾಠಿಯಲ್ಲಿ ವಿಜ್ಞಾನ ಪುಸ್ತಕಗಳನ್ನೂ ರಚಿಸಿದರು. ಕೇಂಬ್ರಿಡ್ಜಿನ ವಿದ್ವಾಂಸರ ಮುಂದೆ ಮಂಡಿಸಬಲ್ಲ ವಿದ್ಯೆಯನ್ನು ಅಡುಗೆಮನೆಯ ಹೊಸ್ತಿಲಿನವರೆಗೆ ತಂದುಕೊಡುವ ಮನಸ್ಸು ಅವರಲ್ಲಿತ್ತು.

ಬಹುಕಾಲ ಅವರ ಹೆಸರು ಜನರ ನೆನಪಿನಿಂದ ಮರೆಯಾಗಿತ್ತು. ಎಂಬತ್ತು ದಾಟಿದ ಅವರನ್ನು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ತಡವಾಗಿಯಾದರೂ ಗುರುತಿಸಿ, ದೆಹಲಿಗೆ ಬರಮಾಡಿಕೊಂಡು ಸನ್ಮಾನವನ್ನು ಏರ್ಪಡಿಸಿತು. ಆ ಸಮಾರಂಭದಲ್ಲಿಯೇ ಅವರು ಕುಸಿದುಬಿದ್ದರು. ಸ್ವಲ್ಪ ಕಾಲದಲ್ಲಿಯೇ, 1998ರಲ್ಲಿ, ಅವರ ಜೀವನ ಮುಗಿಯಿತು.

ಕಿತ್ತೂರಿನ ನೆಲದಲ್ಲಿ ಹೆಣ್ಣಿನ ಧೈರ್ಯವೆಂದರೆ 1824ರಲ್ಲಿ ಪರಕೀಯರ ಸೈನ್ಯವನ್ನು ಎದುರಿಸಿದ, ಬೈಲಹೊಂಗಲದ ಕೋಟೆಯ ಸೆರೆಯಲ್ಲಿ 1829ರಲ್ಲಿ ಪ್ರಾಣಬಿಟ್ಟ ರಾಣಿ ಚೆನ್ನಮ್ಮನ ಕತ್ತಿ ನೆನಪಿಗೆ ಬರುತ್ತದೆ. ಕಮಲಾ ಸೊಹೋನಿ ಅವರ ಕೈಯಲ್ಲಿ ಕತ್ತಿ ಇರಲಿಲ್ಲ, ಗಾಜಿನ ಪ್ರನಾಳವಿತ್ತು. ಅವರು ಎದುರಿಸಿದ್ದು ಸೈನ್ಯವನ್ನಲ್ಲ, ಹೆಣ್ಣಿಗೆ ವಿಜ್ಞಾನ ಸಲ್ಲದೆಂಬ ಒಂದು ನಂಬಿಕೆಯನ್ನು. ಪ್ರಕೃತಿಯು ತನ್ನ ಗುಟ್ಟುಗಳನ್ನು ಹೇಳುವಾಗ ಕೇಳುವವರು ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. ಜೀವಕೋಶದ ಕುಲುಮೆ ಇಬ್ಬರಲ್ಲಿಯೂ ಒಂದೇ ಸಮನಾಗಿ ಉರಿಯುತ್ತಿರುತ್ತದೆ. 1933ರಲ್ಲಿ ಬೆಂಗಳೂರಿನಲ್ಲಿ ತರುಣಿಯೊಬ್ಬಳು ಹಿಂದಿರುಗಿ ಹೋಗಲು ನಿರಾಕರಿಸಿದ್ದರಿಂದ, ಆ ಮಂದಿರದ ಬಾಗಿಲು ಆಕೆಯ ಹಿಂದೆ ಬಂದವರಿಗೆ ತೆರೆದೇ ಉಳಿಯಿತು.